ಅಪ್ಪನ ಏರ್‌ಗನ್ ಬಿಚ್ಚಿದ ಮೇಲೆ...

ನಮ್ಮೂರು ಕೊಡಗಿನ ಸೋಮವಾರಪೇಟೆ ಕಡೆ. ಅಪ್ಪ ಕಾಫಿ ತೋಟವೊಂದರಲ್ಲಿ ರೈಟರ್. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಆರು ಇಂಟರ್‌ವ್ಯೂ ಕೊಟ್ಟು, ಆರರಲ್ಲೂ ‘ತಿಳಿಸುತ್ತೇವೆ’ ಎನ್ನಿಸಿಕೊಂಡು ಮನೆಯಲ್ಲಿ ಕೂತಿದ್ದೆ. ಕೈಗೆ ಕೆಲಸವಿಲ್ಲದಿದ್ದಾಗ ಕಣ್ಣಿಗೆ ಬಿದ್ದದ್ದು ಬಾಗಿಲ ಹಿಂದೆ ಒರಗಿಸಿಟ್ಟಿದ್ದ ಅಪ್ಪನ ಏರ್‌ಗನ್.

ಕೊಡಗಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಕೈಲ್‌ಪೋಳ್ದ್ ಹಬ್ಬ. ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಊರೂರಲ್ಲಿ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ದೊಡ್ಡ ಕೋವಿಯವರಿಗೆ ತೆಂಗಿನಕಾಯಿ ಗುರಿಯಾದರೆ, ಏರ್‌ಗನ್‌ನವರಿಗೆ ಕೋಳಿಮೊಟ್ಟೆ. ಈ ಸಲ ಪಿಯುಸಿ ಓದುವ ತಂಗಿ ‘ಅಣ್ಣ, ನಾನೂ ಹೊಡೀತೀನಿ’ ಎಂದಳು. ಆದರೆ ನಮ್ಮ ಏರ್‌ಗನ್ ಹತ್ತು ಮೀಟರ್‌ನಲ್ಲಿ ಐದು ಗುಂಡು ಹೊಡೆದರೆ ಐದು ಸೆಂಟಿಮೀಟರ್ ಅಗಲಕ್ಕೆ ಚದುರಿಸುತ್ತಿತ್ತು. ಮೊಟ್ಟೆಯ ಅಗಲ ಇರುವುದೇ ನಾಲ್ಕು ಸೆಂಟಿಮೀಟರ್! ‘ಬಿಡು, ನಾನು ಸರಿ ಮಾಡ್ತೀನಿ’ ಎಂದೆ. ಡಿಪ್ಲೊಮಾ ಓದಿದ್ದು ಮತ್ತೇಕೆ?

ಮೊದಲು ಮಾಡಿದ ತಪ್ಪು, ಗಾಳಿ ಬರುವ ರಂಧ್ರಕ್ಕೆ ಹೊಲಿಗೆ ಯಂತ್ರದ ಎಣ್ಣೆ ಸುರಿದದ್ದು. ಹೊಡೆದಾಗ ‘ಢಂ’ ಎಂದು ಸದ್ದು, ನಳಿಕೆಯಿಂದ ಹೊಗೆ. ಪವರ್ ಬಂತೆಂದು ಕುಣಿದೆ. ನಿಜಕ್ಕೂ ಆಗಿದ್ದೇನೆಂದರೆ, ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೆ ಎಣ್ಣೆ ಹೊತ್ತಿಕೊಂಡಿತ್ತು. ಡೀಸೆಲ್ ಎಂಜಿನ್ ಒಳಗೆ ನಡೆಯುವುದೂ ಇದೇ. ಎಂಜಿನ್‌ಗೆ ಅದು ಬದುಕು. ಏರ್‌ಗನ್‌ನ ವಾಷರ್‌ಗೆ ಸಾವು.

ಎರಡನೇ ತಪ್ಪು ಇನ್ನೂ ದೊಡ್ಡದು. ಆನ್‌ಲೈನ್‌ನಲ್ಲಿ ‘ಹೆವಿ’ ಸ್ಪ್ರಿಂಗ್ ತರಿಸಿದೆ. ಹಳೆಯದಕ್ಕಿಂತ ಉದ್ದ, ತಂತಿಯೂ ದಪ್ಪ. ಗೆಳೆಯನನ್ನು ಕರೆದು, ಇಬ್ಬರೂ ಸೇರಿ ಒತ್ತಿ ಹಿಡಿದು ಹೇಗೋ ಕೂರಿಸಿದೆವು. ನಳಿಕೆ ಮಡಚಲು ತಂಗಿಯ ಕೈಗೆ ಆಗಲೇ ಇಲ್ಲ. ನಾನು ಹೊಡೆದರೆ ಐದು ಸೆಂಟಿಮೀಟರ್ ಇದ್ದದ್ದು ಏಳಾಯಿತು!

ಕಾರಣ ಆಮೇಲೆ ತಿಳಿಯಿತು. ಸ್ಪ್ರಿಂಗ್ ಏರ್‌ಗನ್‌ನಲ್ಲಿ ಟ್ರಿಗರ್ ಎಳೆದೊಡನೆ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಕೋವಿ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಕೊನೆ ಮುಟ್ಟಿ ನಿಂತಾಗ ಕೋವಿ ಮುಂದಕ್ಕೆ ಜಗ್ಗುತ್ತದೆ. ಗುಂಡು ನಳಿಕೆ ಬಿಡುವುದರೊಳಗೆ ಕೋವಿ ಅಲುಗಾಡಿಬಿಟ್ಟಿರುತ್ತದೆ. ಸ್ಪ್ರಿಂಗ್ ಜೋರಾದಷ್ಟೂ ಈ ಅಲುಗಾಟ ಜಾಸ್ತಿ.

ಸರಿ, ಹಳೆಯದನ್ನೇ ಹಾಕೋಣವೆಂದು ಒಂದು ಸಂಜೆ ಒಬ್ಬನೇ ಕೂತು ಹಿಂಬದಿಯ ಪಿನ್ ತಳ್ಳಿದೆ. ಸ್ಪ್ರಿಂಗ್ ಒಳಗೆ ಅದುಮಿ ಕೂತಿರುತ್ತದೆ ಎಂಬುದು ಗೊತ್ತಿತ್ತು, ಆ ಕ್ಷಣಕ್ಕೆ ನೆನಪಿರಲಿಲ್ಲ. ಮುಚ್ಚಳ ಹಾರಿತು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ತಂಗಿಯ ಕಿವಿಯ ಪಕ್ಕದಲ್ಲೇ ಹೋಗಿ ಗೋಡೆಯ ಕನ್ನಡಿ ಒಡೆಯಿತು. ಅವಳು ಕಾಫಿ ಲೋಟ ಬೀಳಿಸಿ ಹಾಗೇ ನಿಂತುಬಿಟ್ಟಳು. ಒಂದು ಗೇಣು ಈಚೆ ಬಂದಿದ್ದರೆ ಅವಳ ಕಣ್ಣು ಹೋಗುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಪ್ಪ ಬೈಯಲಿಲ್ಲ. ಗಾಜಿನ ಚೂರು ಗುಡಿಸಿ, ‘ನಾಳೆ ಲೇತ್ ಅಂಗಡಿಗೆ ತಗೊಂಡು ಹೋಗು ಮಗಾ. ಗೊತ್ತಿಲ್ಲದ್ದನ್ನ ಕೇಳೋಕೆ ನಾಚ್ಕೋಬೇಡ’ ಎಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಲೇತ್ ಅಂಗಡಿಯ ಮೇಸ್ತ್ರಿ ಹೊಸ ಸ್ಪ್ರಿಂಗ್ ನೋಡಿ ನಕ್ಕರು. ‘ಇದ್ಯಾಕಪ್ಪ, ಹುಲಿ ಹೊಡೀತೀಯಾ?’ ನಮ್ಮ ದೇಶದಲ್ಲಿ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದ, 20 ಜೂಲ್ ಶಕ್ತಿ ದಾಟದ ಏರ್‌ಗನ್‌ಗೆ ಲೈಸೆನ್ಸ್ ಬೇಡ, ದಾಟಿದರೆ ಬೇಕು. ಶಕ್ತಿ ಹೆಚ್ಚಿಸಲು ಹೊರಟವನಿಗೆ ಆ ಗೆರೆ ಎಲ್ಲಿದೆ ಎಂಬ ಲೆಕ್ಕವೇ ಇರಲಿಲ್ಲ. ಒಲಿಂಪಿಕ್ಸ್‌ನ ಹತ್ತು ಮೀಟರ್ ಸ್ಪರ್ಧೆಯ ರೈಫಲ್‌ಗಳ ಶಕ್ತಿ ಸುಮಾರು 7.5 ಜೂಲ್ ಮಾತ್ರ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಅಲ್ಲಿ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಅದಕ್ಕೆ ಬೇಕಾದದ್ದು ಜೋರಲ್ಲ, ಪ್ರತಿ ಸಲವೂ ಒಂದೇ ರೀತಿ ಹೊಡೆಯುವುದು.

ಮೇಸ್ತ್ರಿ ಬಡಗಿಯ ಉದ್ದನೆಯ ಕ್ಲ್ಯಾಂಪ್‌ಗೆ ಕೋವಿಯನ್ನು ಬಿಗಿದು, ಕಣ್ಣಿಗೆ ಕನ್ನಡಕ ಹಾಕಿಸಿ, ಪಿನ್ ತೆಗೆದು, ತಿರುಪು ಸುತ್ತು ಸುತ್ತಾಗಿ ಬಿಟ್ಟರು. ಸ್ಪ್ರಿಂಗ್ ಸಾಧು ಹಸುವಿನಂತೆ ಹೊರಬಂತು. ಮುಂದಿನ ಎರಡು ದಿನ ನನ್ನದೇ ಕೆಲಸ. ಸೀಮೆಎಣ್ಣೆಯಲ್ಲಿ ಹಳೆಯ ಗ್ರೀಸ್ ತೊಳೆದು ಒಣಗಿಸಿದೆ. ಹಳೆಯ ಸ್ಪ್ರಿಂಗನ್ನು ಗಾಜಿನ ಮೇಲೆ ಉರುಳಿಸಿ ನೋಡಿದೆ, ಬಾಗಿರಲಿಲ್ಲ. ಅದರ ಚೂಪು ತುದಿಗಳನ್ನು ಎಮರಿ ಪೇಪರ್‌ನಲ್ಲಿ ನುಣುಪು ಮಾಡಿದೆ. ಸ್ಪ್ರಿಂಗ್ ಒಳಗೆ ಗಡಗಡ ಎನ್ನದಂತೆ ಮೇಸ್ತ್ರಿ ನೈಲಾನ್ ಗೈಡ್ ಒಂದನ್ನು ಲೇತ್‌ನಲ್ಲಿ ಕಡೆದುಕೊಟ್ಟರು. ಸವೆದ ವಾಷರ್ ಬದಲಾಯಿಸಿದೆವು. ಸ್ಪ್ರಿಂಗ್‌ಗೆ ಮಾಲಿಬ್ಡಿನಮ್ ಗ್ರೀಸ್ ತೆಳ್ಳಗೆ ಸವರಿದೆವು. ವಾಷರ್ ಮುಂದಿನ ಗಾಳಿ ಒತ್ತುವ ಜಾಗಕ್ಕೆ ಒಂದು ಹನಿಯೂ ಇಲ್ಲ. ಎಲ್ಲ ಜೋಡಿಸಿದ ಮೇಲೆ ನಳಿಕೆ ಮಡಚುವ ಸಂದಿಯ ಮೇಲೆ ಟಿಶ್ಯೂ ಪೇಪರ್ ಚೂರಿಟ್ಟು, ಗುಂಡು ಹಾಕಿ ಹೊಡೆದೆ. ಚೂರು ಹಾರಿತು. ಅಂದರೆ ಗಾಳಿ ಸೋರುತ್ತಿದೆ. ರಬ್ಬರ್ ರಿಂಗ್ ಬದಲಿಸಿದಾಗ ನಿಂತಿತು.

ಮರದ ಹಿಡಿಗೆ ಜೋಡಿಸುವಾಗ ಮೇಸ್ತ್ರಿ ಕೇಳಿದರು, ‘ಈ ಸ್ಕ್ರೂಗಳು ಮೊದಲೇ ಸಡಿಲ ಇದ್ವಾ?’ ಇದ್ದವು. ಮೂರೂ. ಮೊದಲ ದಿನವೇ ಸ್ಕ್ರೂಡ್ರೈವರ್ ಹಿಡಿದಿದ್ದರೆ ಅರ್ಧ ರೋಗ ಅಲ್ಲೇ ವಾಸಿಯಾಗುತ್ತಿತ್ತು. ನಾನು ಅದನ್ನು ನೋಡಿರಲೇ ಇಲ್ಲ. ಏಕೆಂದರೆ ನಾನು ಹುಡುಕುತ್ತಿದ್ದದ್ದು ತಪ್ಪನ್ನಲ್ಲ, ಪವರನ್ನು.

ಇನ್ನೊಂದು ಪಾಠ ಹಿಡಿಯುವುದರಲ್ಲಿತ್ತು. ಗಟ್ಟಿಯಾಗಿ ಅದುಮಿ ಹಿಡಿದರೆ ಗುಂಡು ಚದುರುತ್ತದೆ. ಅಂಗೈ ಮೇಲೆ ಸುಮ್ಮನೆ ಮಲಗಿಸಿ, ಭುಜಕ್ಕೆ ಹಗುರವಾಗಿ ತಾಗಿಸಿದರೆ ಪ್ರತಿ ಸಲವೂ ಒಂದೇ ರೀತಿ ಸರಿಯುತ್ತದೆ. ಮನೆ ಹಿಂದಿನ ಮಣ್ಣಿನ ದಿಣ್ಣೆಗೆ ಕಾಗದ ಅಂಟಿಸಿ ಅಭ್ಯಾಸ ಮಾಡಿದೆವು. ಹಕ್ಕಿಗಳ ಕಡೆ ತಿರುಗಿಸಲಿಲ್ಲ. ಅದು ಅಪರಾಧವೂ ಹೌದು, ಪಾಪವೂ ಹೌದು. ಅವೇ ಐದು ಗುಂಡುಗಳು ಈಗ ಎರಡೂವರೆ ಸೆಂಟಿಮೀಟರ್ ಒಳಗೆ ಬಿದ್ದವು.

ಹಬ್ಬದ ದಿನ ತಂಗಿ ಮೂರು ಮೊಟ್ಟೆಗಳಲ್ಲಿ ಎರಡನ್ನು ಒಡೆದಳು. ಬಹುಮಾನ ಬೇರೆಯವರಿಗೆ ಹೋಯಿತು. ಅವಳಿಗೆ ಅದರ ಚಿಂತೆಯಿರಲಿಲ್ಲ. ‘ಮೂರನೇದಕ್ಕೆ ಗಟ್ಟಿಯಾಗಿ ಹಿಡ್ಕೊಂಡ್ಬಿಟ್ಟೆ ಅಣ್ಣ’ ಎಂದಳು. ತಪ್ಪು ಎಲ್ಲಾಯಿತೆಂದು ಅವಳಿಗೆ ತಕ್ಷಣ ಗೊತ್ತಾಗಿತ್ತು. ನನಗೆ ಎರಡು ತಿಂಗಳು ಬೇಕಾಯಿತು.

ಏಳನೇ ಇಂಟರ್‌ವ್ಯೂಗೆ ಓದಲು ಕೂತಿದ್ದೇನೆ. ರೆಸ್ಯೂಮೆಗೆ ಇನ್ನೊಂದು ಸರ್ಟಿಫಿಕೇಟ್ ಸೇರಿಸಲೇ ಎಂದು ಯೋಚಿಸಿದೆ. ಆಮೇಲೆ ಮೊದಲಿನ ಆರರಲ್ಲಿ ನಾನು ಉತ್ತರಿಸಲಾಗದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದೆ. ಹೆಚ್ಚಿನವು ಮೊದಲನೇ ವರ್ಷದ ಪಾಠಗಳೇ. ಸಡಿಲ ಸ್ಕ್ರೂಗಳು! ಆ ಹೆವಿ ಸ್ಪ್ರಿಂಗ್ ಈಗಲೂ ಮೇಜಿನ ಮೇಲಿದೆ, ಹಾಳೆಗಳು ಹಾರದಂತೆ ಭಾರಕ್ಕೆ.