ಹನಿ ನೀರಿನೊಡನೆ ಕಬ್ಬಿಗೆ ಗೊಬ್ಬರ: ಲೆಕ್ಕವೂ ಎಚ್ಚರವೂ



ನಾವು 'ಠಿಬಕ' ಎಂದು ಕರೆಯುವ ಹನಿ ನೀರಾವರಿಯನ್ನು ಹಾಕಿಸಿಕೊಂಡ ಮೇಲೂ ಅನೇಕರು ಯೂರಿಯಾವನ್ನು ಹಿಂದಿನಂತೆ ಕೈಯಿಂದಲೇ ಎರಚುತ್ತಾರೆ. ನೀರು ಬೀಳುವುದು ಒಂದು ಕಡೆ, ಗೊಬ್ಬರ ಬೀಳುವುದು ಇನ್ನೊಂದು ಕಡೆ. ಸುಣ್ಣದ ಅಂಶವಿರುವ ನಮ್ಮ ಕಪ್ಪು ಮಣ್ಣಿನ ಮೇಲೆ ಹಾಗೆ ಬಿದ್ದ ಯೂರಿಯಾದ ಸಾರಜನಕದಲ್ಲಿ ಒಂದು ಪಾಲು ಅಮೋನಿಯಾ ಅನಿಲವಾಗಿ ಗಾಳಿ ಸೇರುತ್ತದೆ. ಅದೇ ಯೂರಿಯಾವನ್ನು ಹನಿ ನೀರಿನೊಡನೆ ಬಿಟ್ಟರೆ ನೇರವಾಗಿ ಬೇರಿನ ಬಳಿಗೆ ಹೋಗುತ್ತದೆ. ಆದ್ದರಿಂದಲೇ ಈ ಪದ್ಧತಿಯಲ್ಲಿ ಗೊಬ್ಬರದ ಪ್ರಮಾಣವನ್ನು ಶೇಕಡಾ 30ರಷ್ಟು ಇಳಿಸಬಹುದೆಂದು ಸಲಹೆ ಮಾಡುತ್ತಾರೆ.

ಯಾವ ಗೊಬ್ಬರ?

ನೀರಿನಲ್ಲಿ ಪೂರ್ತಿ ಕರಗುವ ಗೊಬ್ಬರವನ್ನು ಮಾತ್ರ ಕೊಳವೆಗೆ ಬಿಡಬೇಕು. ಯೂರಿಯಾ ಚೆನ್ನಾಗಿ ಕರಗುತ್ತದೆ. ಪೊಟ್ಯಾಷ್‌ನಲ್ಲಿ ಬಿಳಿಯದನ್ನು ಆರಿಸಿರಿ. ಕೆಂಪು ಪೊಟ್ಯಾಷ್ ಕರಗದ ಕಸರು ಉಳಿಸುತ್ತದೆ. ಸೂಪರ್ ಫಾಸ್ಫೇಟನ್ನು ಠಿಬಕದಲ್ಲಿ ಬಿಡಲೇಬಾರದು. ಅದನ್ನು ಲಾವಣಿಯ ಕಾಲಕ್ಕೆ ಸಾಲಿನಲ್ಲಿ ಮಣ್ಣಿಗೆ ಸೇರಿಸುವುದೇ ಸರಿ. ಬಾವಿಯ ನೀರು ಗಡಸಾಗಿದ್ದರೆ ಅದರೊಳಗಿನ ಸುಣ್ಣವು ರಂಜಕದೊಡನೆ ಕೂಡಿ ಗಟ್ಟಿಯಾಗಿ ಹನಿ ಬೀಳುವ ತೂತುಗಳನ್ನು ಮುಚ್ಚುತ್ತದೆ. ಇದೇ ಕಾರಣಕ್ಕೆ ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕ ಅಥವಾ ಸಲ್ಫೇಟ್ ಇರುವ ಗೊಬ್ಬರದೊಡನೆ ಒಂದೇ ಟಾಕಿಯಲ್ಲಿ ಬೆರೆಸಬಾರದು.

ಸಂದೇಹವಿದ್ದರೆ ಒಂದು ಗಾಜಿನ ಬಾಟಲಿಯಲ್ಲಿ ನಿಮ್ಮದೇ ಬಾವಿಯ ನೀರು ತೆಗೆದುಕೊಂಡು, ಟಾಕಿಯಲ್ಲಿ ಬೆರೆಸುವ ಪ್ರಮಾಣದಲ್ಲಿಯೇ ಗೊಬ್ಬರ ಕರಗಿಸಿ ಒಂದೆರಡು ಗಂಟೆ ಇಡಿರಿ. ನೀರು ಹಾಲಿನಂತಾದರೆ ಅಥವಾ ತಳದಲ್ಲಿ ಗಸಿ ಕುಳಿತರೆ ಅದು ಕೊಳವೆಗೆ ತಕ್ಕುದಲ್ಲ.

ಎಷ್ಟು?

ಮಹಾರಾಷ್ಟ್ರದಲ್ಲಿ ಸುರು ಹಂಗಾಮಿನ ಕಬ್ಬಿಗೆ ಹೆಕ್ಟೇರಿಗೆ 250 ಕಿಲೋ ಸಾರಜನಕದ ಶಿಫಾರಸು ಇದೆ. ಎಕರೆಗೆ ಸುಮಾರು 100 ಕಿಲೋ ಆಯಿತು. ಶೇಕಡಾ 30 ಕಳೆದರೆ 70 ಕಿಲೋ. ಯೂರಿಯಾದಲ್ಲಿ ಶೇಕಡಾ 46 ಸಾರಜನಕ ಇರುವುದರಿಂದ ಎಕರೆಗೆ 150 ಕಿಲೋ ಯೂರಿಯಾ ಸಾಕು. ಕೈಯಿಂದ ಹಾಕಿದರೆ ಇದಕ್ಕೇ 217 ಕಿಲೋ ಬೇಕು. 45 ಕಿಲೋ ಚೀಲದ ಲೆಕ್ಕದಲ್ಲಿ ಸುಮಾರು ಒಂದೂವರೆ ಚೀಲ ಉಳಿಯುತ್ತದೆ.

ಈ 150 ಕಿಲೋವನ್ನು ಮೊಳಕೆ ಬಂದ ಮೇಲೆ 20 ವಾರಗಳಿಗೆ ಹಂಚಿರಿ. ಮೊದಲ 4 ವಾರ ವಾರಕ್ಕೆ 5 ಕಿಲೋ, ಮುಂದಿನ 10 ವಾರ 10 ಕಿಲೋ, ಕೊನೆಯ 6 ವಾರ ಮತ್ತೆ 5 ಕಿಲೋ. ಮಣ್ಣು ಪರೀಕ್ಷೆಯಂತೆ ಇದರಲ್ಲಿ ಹೆಚ್ಚುಕಡಿಮೆ ಮಾಡಿಕೊಳ್ಳಬೇಕು. ತಡವಾಗಿ ಯೂರಿಯಾ ಕೊಟ್ಟರೆ ಕಬ್ಬು ಹಸಿರಾಗಿ ಕಾಣುತ್ತದೆ, ಆದರೆ ಮಾಗುವುದು ಹಿಂದೆ ಬೀಳುತ್ತದೆ, ಸಕ್ಕರೆಯ ಉತಾರೆ ಇಳಿಯುತ್ತದೆ. ಅತಿಯಾದರೆ ಅಮೃತವೂ ವಿಷ.

ಯಾವಾಗ?

ಎರಡು ಗಂಟೆ ನೀರು ಬಿಡುವುದಿದ್ದರೆ ಮೊದಲ 45 ನಿಮಿಷ ಬರೀ ನೀರು, ನಂತರ 45 ನಿಮಿಷ ಗೊಬ್ಬರ, ಕೊನೆಯ ಅರ್ಧ ಗಂಟೆ ಮತ್ತೆ ಬರೀ ನೀರು. ಆರಂಭದಲ್ಲಿಯೇ ಯೂರಿಯಾ ಬಿಟ್ಟರೆ ಹಿಂದಿನಿಂದ ಬರುವ ನೀರು ಅದನ್ನು ಬೇರಿಗಿಂತ ಕೆಳಗೆ ನೂಕುತ್ತದೆ. ಕೊನೆಯಲ್ಲಿ ಬರೀ ನೀರು ಬಿಡದಿದ್ದರೆ ಕೊಳವೆಯಲ್ಲಿ ಗೊಬ್ಬರ ಉಳಿದು ತೂತು ಕಟ್ಟುತ್ತದೆ. ಗೊಬ್ಬರ ಸೇರುವ ಜಾಗದ ಮುಂದೆ ಜಾಳಿಗೆಯ ಫಿಲ್ಟರ್ ಇರಲೇಬೇಕು.

ಬಾವಿ ಮತ್ತು ದನಕರು

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಗೊಬ್ಬರ ಹೋಗುತ್ತಿರುವಾಗ ಕರೆಂಟು ಹೋದರೆ ಮೋಟರು ನಿಲ್ಲುತ್ತದೆ. ಕೊಳವೆಯ ನೀರು ಬಾವಿಯ ಕಡೆಗೆ ಮರಳುತ್ತದೆ, ಟಾಕಿಯ ಗೊಬ್ಬರವನ್ನೂ ತನ್ನೊಡನೆ ಎಳೆದೊಯ್ಯುತ್ತದೆ. ಬಾವಿಯೊಳಗಿನ ಫುಟ್ ವಾಲ್ವ್ ಸವೆದಿದ್ದರೆ ಅದನ್ನು ತಡೆಯುವವರಿಲ್ಲ. ವಸ್ತಿಯ ಮೇಲೆ ಅದೇ ಬಾವಿಯ ನೀರನ್ನು ಮನೆಯವರು ಕುಡಿಯುತ್ತಾರೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವಿದೆ. ಮೀರಿದರೆ ಬಾಟಲಿ ಹಾಲು ಕುಡಿಯುವ ಕೂಸುಗಳಿಗೆ ಹೆಚ್ಚು ಅಪಾಯ. ರಕ್ತವು ಪ್ರಾಣವಾಯುವನ್ನು ಒಯ್ಯಲಾರದೆ ಮೈ ನೀಲಿಯಾಗುತ್ತದೆ.

ಆದ್ದರಿಂದ ಮೋಟರಿಗೂ ಗೊಬ್ಬರ ಸೇರುವ ಜಾಗಕ್ಕೂ ನಡುವೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಕೂಡಿಸಿರಿ. ಟಾಕಿಯಲ್ಲಿ ಆ ದಿನಕ್ಕೆ ಬೇಕಾದಷ್ಟೇ ಗೊಬ್ಬರ ಕಲಸಿರಿ. ಗೊಬ್ಬರ ಹೋಗುವವರೆಗೆ ಒಬ್ಬರು ಅಲ್ಲಿಯೇ ಇರಲಿ. ಕರೆಂಟು ಹೋದ ಕೂಡಲೇ ಟಾಕಿಯ ಕಾಕ್ ಮುಚ್ಚಲಿ. ಇದೇ ಟಾಕಿಯಿಂದ ಕೀಟನಾಶಕ ಬಿಡುವ ಸಾಹಸ ಬೇಡ. ಡಬ್ಬಿಯ ಚೀಟಿಯ ಮೇಲೆ ಹನಿ ನೀರಿನಲ್ಲಿ ಬಿಡಬಹುದೆಂದು ಬರೆದಿದ್ದರೆ ಮಾತ್ರ, ಅದೂ ತಿಳಿದವರನ್ನು ಕೇಳಿ, ಬಿಡಬೇಕು.

ಯೂರಿಯಾ ಕಲಸಿದ ಬಕೀಟು, ಬ್ಯಾರಲ್ಲುಗಳನ್ನು ತೆರೆದಿಡಬಾರದು. ನೀರಡಿಸಿದ ಎತ್ತು, ಆಕಳು ಅದನ್ನು ಕುಡಿದರೆ ಹೊಟ್ಟೆಯಲ್ಲಿ ಯೂರಿಯಾ ಅಮೋನಿಯಾ ಆಗಿ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಕಲಸಿದ ಪಾತ್ರೆಯನ್ನು ದನಗಳ ದೋಣಿಯಲ್ಲಿ ತೊಳೆಯಲೂ ಬಾರದು.

ಠಿಬಕಕ್ಕೆ ಸಾವಿರಾರು ರೂಪಾಯಿ ಹಾಕಿದ ಮೇಲೆ ಒಂದು ವಾಲ್ವಿನ ಖರ್ಚಿಗೆ ಹಿಂದೆಮುಂದೆ ನೋಡಬೇಡಿರಿ. ಜೋಡಣೆಯ ಬಗ್ಗೆ ಸಂಶಯವಿದ್ದರೆ ನಿಮ್ಮ ಗಟ್ ಆಫೀಸಿನ ಕೃಷಿ ಸಹಾಯಕರಿಗೆ ತಿಳಿಸಿ, ಹೊಲಕ್ಕೆ ಕರೆದು ತೋರಿಸಿರಿ.