ಮುಚ್ಚಿಟ್ಟ ಚಿತ್ರಪುಸ್ತಕ ಮತ್ತೆ ತೆರೆಯಲಿ

ಗೋಡೆಯ ಮೇಲೆ ಗೀಚದ ಮಗುವಿಲ್ಲ. ಅದೇ ಮಗು ದೊಡ್ಡದಾದ ಮೇಲೆ ‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎನ್ನುತ್ತದೆ. ಎಸ್ಸೆಸ್ಸೆಲ್ಸಿ ಸಮೀಪಿಸುತ್ತಿದ್ದಂತೆ ಅನೇಕ ಶಾಲೆಗಳಲ್ಲಿ ಚಿತ್ರಕಲೆಯ ಅವಧಿಯನ್ನು ಗಣಿತವೋ ವಿಜ್ಞಾನವೋ ನುಂಗಿಬಿಡುತ್ತದೆ. ಮುಂದೆಂದೋ ಸ್ವಂತ ಆಸಕ್ತಿಯಿಂದ ಪೆನ್ಸಿಲ್ ಹಿಡಿದವರಿಗೆ ಮೊದಲ ನಾಲ್ಕು ಚಿತ್ರಗಳು ಕೆಟ್ಟೊಡನೆ ‘ಇದು ಹುಟ್ಟಿನಿಂದ ಬರಬೇಕಾದ ವಿದ್ಯೆ’ ಎಂಬ ತೀರ್ಪು ಸಿದ್ಧವಾಗಿರುತ್ತದೆ. ವಿಚಿತ್ರವೆಂದರೆ ಆ ತೀರ್ಪನ್ನು ಬಹುಪಾಲು ಅವರೇ ಬರೆದುಕೊಂಡಿರುತ್ತಾರೆ. ಮೇಲ್ಮನವಿಯನ್ನಂತೂ ಸಲ್ಲಿಸುವುದೇ ಇಲ್ಲ.

ರಾಣೆಬೆನ್ನೂರಿನಲ್ಲಿರುವ ನನ್ನ ತಂಗಿಯ ಮಗಳು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವಳಿಗೆ ಚಿತ್ರದ ಗೀಳು ಹತ್ತಿತು. ಮನೆಯಲ್ಲಿರುವ, ತೊಂಬತ್ತರ ಸಮೀಪದ ಅಜ್ಜಿಯ ಮುಖವನ್ನು ಬರೆಯಬೇಕೆಂಬುದು ಅವಳ ಹಂಬಲ. ಎಂಟು ತಿಂಗಳ ಅಭ್ಯಾಸದ ನಂತರ ಬರೆದ ಚಿತ್ರವನ್ನು ಕಂಡು ನೆಂಟರು ನಕ್ಕರು, ಅಜ್ಜಿಯೂ ‘ಇದ್ಯಾರವ್ವಾ?’ ಎಂದು ಕೇಳಿದರು. ಪುಸ್ತಕ ಟ್ರಂಕಿನ ತಳ ಸೇರಿತು. ಕಳೆದ ಯುಗಾದಿಗೆ ಹೋದಾಗ ವಿಚಾರಿಸಿದೆ. ‘ಮಾಮಾ, ಚಿತ್ರಾ ತಗಿಯೂದು ನನ್ನ ಕೈಲೆ ಆಗೂದಲ್ಲ ಬಿಡ್ರಿ’ ಎಂದಳು.

ನಾನು ಕಲಾವಿದನಲ್ಲ, ನಿವೃತ್ತಿಯ ಬಳಿಕ ಪೆನ್ಸಿಲ್ ಹಿಡಿದ ಹವ್ಯಾಸಿ. ಆದರೂ ಆ ಚಿತ್ರವನ್ನು ನೋಡಿದಾಗ ದೋಷ ಎಲ್ಲಿದೆ ಎಂಬುದು ತಿಳಿಯಿತು. ನೆತ್ತಿಯಿಂದ ಗದ್ದದವರೆಗೆ ಅಳೆದರೆ ಮನುಷ್ಯನ ಕಣ್ಣುಗಳು ಹೆಚ್ಚುಕಡಿಮೆ ನಟ್ಟನಡುವೆ ಇರುತ್ತವೆ. ನಮ್ಮ ಗಮನವೆಲ್ಲ ಕಣ್ಣು, ಮೂಗು, ಬಾಯಿಗಳ ಮೇಲಿರುವುದರಿಂದ ಹಣೆ ಮತ್ತು ನೆತ್ತಿಗೆ ಸಲ್ಲಬೇಕಾದ ಜಾಗವನ್ನು ಕಡಿತಗೊಳಿಸುತ್ತೇವೆ. ಹೊಸದಾಗಿ ಕಲಿಯುವವರಲ್ಲಿ ಇದು ತೀರ ಸಾಮಾನ್ಯವಾದ ತಪ್ಪು. ಅಳತೆಗೋಲಿನಿಂದಲೇ ತಿದ್ದಬಹುದಾದ ತಪ್ಪು. ಪ್ರತಿಭೆಯ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಇನ್ನೊಂದು ಸಂಗತಿಯನ್ನೂ ಅವಳಿಗೆ ಹೇಳಿದೆ: ಎಂಟು ತಿಂಗಳ ಹಿಂದೆ ಈ ಚಿತ್ರ ಅವಳಿಗೇ ಚೆನ್ನಾಗಿ ಕಾಣುತ್ತಿತ್ತು. ಈಗ ಸರಿಯಿಲ್ಲವೆಂದು ತೋರುತ್ತಿದ್ದರೆ ಕಣ್ಣು ಕೈಗಿಂತ ಮುಂದೆ ಹೋಗಿದೆ ಎಂದರ್ಥ. ಕಲಿಕೆಯ ಹಾದಿಯಲ್ಲಿ ಹತಾಶೆ ಹುಟ್ಟುವುದು ಈ ಅಂತರದಲ್ಲಿಯೇ.

ಮೈಸೂರಿನ ಆರ್. ಕೆ. ಲಕ್ಷ್ಮಣ್ ಪ್ರೌಢಶಾಲೆ ಮುಗಿಸಿ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಪ್ರವೇಶಕ್ಕೆ ಬೇಕಾದ ಪ್ರತಿಭೆ ಇವರ ಚಿತ್ರಗಳಲ್ಲಿಲ್ಲವೆಂಬ ಉತ್ತರ ಬಂದಿತ್ತು. ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ ಓದಿದರು, ಬರೆಯುವುದನ್ನು ಮಾತ್ರ ಬಿಡಲಿಲ್ಲ. ಬಾಲ್ಯದಿಂದಲೂ ಅವರ ಪಾಠಶಾಲೆ ಮನೆಯ ಕಿಟಕಿಯೇ ಆಗಿತ್ತು: ಒಣಗಿದ ರೆಂಬೆ, ಸೌದೆ ಒಡೆಯುವ ಆಳು, ಎದುರು ಮನೆಯ ಸೂರಿನ ಮೇಲಿನ ಕಾಗೆ. 1951ರಲ್ಲಿ ಆರಂಭವಾದ ಅವರ ವ್ಯಂಗ್ಯಚಿತ್ರ ಮಾಲೆಯ ಮೂಲಕ ದೇಶಕ್ಕೆ ಪರಿಚಯವಾದ ಶ್ರೀಸಾಮಾನ್ಯನ ಹಿಂದೆ ಈ ನೋಟದ ಸಾಧನೆಯಿದೆ. ಡಚ್ ಕಲಾವಿದ ವಾನ್ ಗೋ ಕಲಾವಿದನಾಗಲು ನಿಶ್ಚಯಿಸಿದ್ದು 1880ರಲ್ಲಿ, 27ನೆಯ ವಯಸ್ಸಿನಲ್ಲಿ. ಅಭ್ಯಾಸದ ಹಾಳೆಗಳನ್ನು ಶಾಲಾ ಬಾಲಕನಂತೆ ಪದೇ ಪದೇ ನಕಲು ಮಾಡಿದ. ಅಳತೆ ತಪ್ಪದಿರಲೆಂದು 1882ರಲ್ಲಿ ಚೌಕಟ್ಟೊಂದನ್ನು ಮಾಡಿಸಿಕೊಂಡು ಅದರ ಮೂಲಕ ದೃಶ್ಯವನ್ನು ನೋಡಿ ಬರೆದ. ಅಂಥವನಿಗೇ ಅಳತೆ ಬೇಕಾಗಿತ್ತೆಂದರೆ ನಾವು ನಾಚಬೇಕಾದುದೇನು?

ಬರೆಯಲು ವಸ್ತುಗಳಿಗೆ ಹಾವೇರಿ ಸೀಮೆಯಲ್ಲಿ ಬರವಿಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಉದ್ದನೆಯ ಕಡ್ಡಿ, ಗಿಡ್ಡನೆಯ ಡಬ್ಬಿ. ಎರಡರ ಮೈಮೇಲೂ ಸುಕ್ಕು. ಒಂದು ಕಾಯಿಯ ಸುಕ್ಕುಗಳನ್ನು ಹತ್ತು ನಿಮಿಷ ಹಿಂಬಾಲಿಸಿದ ಕೈ, ನಾಳೆ ವೃದ್ಧೆಯ ಕೆನ್ನೆಯ ಸುಕ್ಕಿಗೆ ಹೆದರಲಾರದು. ಹಾವೇರಿಯ ಪುರಸಿದ್ಧೇಶ್ವರ ದೇವಾಲಯ ಪಶ್ಚಿಮಾಭಿಮುಖವಾಗಿದೆ. ಇಳಿಹೊತ್ತಿನ ಬೆಳಕು ಅದರ ಮುಂಭಾಗಕ್ಕೆ ನೇರವಾಗಿ ಬೀಳುವುದರಿಂದ ನೆರಳು ಬೆಳಕುಗಳ ಅಭ್ಯಾಸಕ್ಕೆ ಸಂಜೆಯೇ ಪ್ರಶಸ್ತ. ಇದೇ ಜಿಲ್ಲೆಯ ಗೊಟಗೋಡಿಯಲ್ಲಿ, 2020ರಲ್ಲಿ ನಿಧನರಾದ ಕಲಾವಿದ ಟಿ. ಬಿ. ಸೊಲಬಕ್ಕನವರ ಕನಸಿನ ರಾಕ್ ಗಾರ್ಡನ್ ಇದೆ. ಅಲ್ಲಿನ ಶಿಲ್ಪಗಳ ವಸ್ತು ನಮ್ಮದೇ ಹಳ್ಳಿಯ ಜನ, ನಮ್ಮದೇ ದುಡಿಮೆ. ಕಲೆಗೆ ದೂರದ ವಸ್ತುವೇ ಬೇಕೆಂಬ ಭ್ರಮೆ ಅಲ್ಲಿ ಒಮ್ಮೆ ಸುತ್ತಾಡಿದರೆ ಕಳಚುತ್ತದೆ.

ಪ್ರಗತಿ ವರದಿಗಳನ್ನು ಓದುವುದರಲ್ಲಿಯೇ ಸೇವಾವಧಿಯ ಬಹುಭಾಗವನ್ನು ಕಳೆದವನು ನಾನು. ಅರ್ಥಶಾಸ್ತ್ರದಲ್ಲಿ ಆಧಾರ ವರ್ಷವೆಂಬುದೊಂದಿದೆ. ಅದಿಲ್ಲದೆ ಬೆಲೆ ಏರಿತೋ ಇಳಿಯಿತೋ ಹೇಳಲಾಗದು. ಚಿತ್ರ ಕಲಿಯುವವರಿಗೆ ತಮ್ಮ ಮೊದಲ ಪುಸ್ತಕವೇ ಆಧಾರ ವರ್ಷ. ಆದ್ದರಿಂದ ಹಳೆಯ ಹಾಳೆಗಳನ್ನು ಹರಿಯಬೇಡಿ. ಪ್ರತಿ ಹಾಳೆಗೂ ದಿನಾಂಕ ಹಾಕಿ. ಮೂರು ತಿಂಗಳಿಗೊಮ್ಮೆ ಅದೇ ಚೊಂಬನ್ನು, ಅದೇ ಕುರ್ಚಿಯನ್ನು ಮತ್ತೆ ಬರೆದು ಪಕ್ಕದಲ್ಲಿಟ್ಟು ನೋಡಿ. ಮೊಬೈಲಿನಲ್ಲಿ ಕಾಣುವ ಪರಿಣತರ ಚಿತ್ರಗಳೊಡನೆ ಹೋಲಿಸುವುದು, ಬರಪೀಡಿತ ತಾಲ್ಲೂಕಿನ ಇಳುವರಿಯನ್ನು ನಾಲೆಯ ಸೀಮೆಯ ಇಳುವರಿಯೊಂದಿಗೆ ಹೋಲಿಸಿದಂತೆ.

ಒಂದು ವಾಕ್ಯ ಟೈಪಿಸಿದರೆ ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ಚಿತ್ರ ಕೊಡುವ ಈ ಕಾಲದಲ್ಲಿ ಬೆರಳು ಕಪ್ಪಾಗಿಸಿಕೊಳ್ಳುವುದೇಕೆ ಎಂದು ಕೇಳುವವರಿದ್ದಾರೆ. ಯಂತ್ರ ಕೊಡುವುದು ಚಿತ್ರವನ್ನು. ಅಜ್ಜಿಯ ಎದುರು ಅರ್ಧ ಗಂಟೆ ಕುಳಿತು, ಅವರ ಎಡ ಹುಬ್ಬು ಬಲಕ್ಕಿಂತ ಕೊಂಚ ಇಳಿದಿದೆ ಎಂದು ಮೊಮ್ಮಗಳು ಮೊದಲ ಬಾರಿಗೆ ಗಮನಿಸುತ್ತಾಳಲ್ಲ, ಆ ನೋಟವನ್ನು ಅದು ಕೊಡಲಾರದು. ಚಿತ್ರ ಕೆಟ್ಟರೂ ನೋಡಿದ್ದು ಉಳಿಯುತ್ತದೆ.

ಆದ್ದರಿಂದ ಅವಳಿಗೆ ಕೊಟ್ಟ ಸಲಹೆಯನ್ನೇ ಪುಸ್ತಕ ಮುಚ್ಚಿಟ್ಟ ಎಲ್ಲರಿಗೂ ಕೊಡುತ್ತೇನೆ. ಮುಖ ಕಷ್ಟವೆನಿಸಿದರೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೈಗಳನ್ನು ಬರೆಯಿರಿ. ದಿನಕ್ಕೆ ಹತ್ತು ನಿಮಿಷ, ಒಂದು ಹಾಳೆ, ಒಂದು ದಿನಾಂಕ ಸಾಕು. ಚೆನ್ನಾಗಿ ಬರೆಯಲು ಬಂದ ಮೇಲೆ ಬರೆಯೋಣವೆಂದು ಮುಂದೂಡಬೇಡಿ. ನಾವು ಬರೆಯಬಯಸುವ ಮುಖಗಳು ನಮ್ಮ ಕೈ ಪಳಗುವವರೆಗೆ ಕಾದಿರುವುದಿಲ್ಲ.