ಎಡಿಟಿಂಗ್ ಕಂಪ್ಯೂಟರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ವಿಡಿಯೊ ಎಡಿಟಿಂಗಿಗೆಂದು ಕಂಪ್ಯೂಟರ್ ಜೋಡಿಸಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಯಾವ ಗ್ರಾಫಿಕ್ಸ್ ಕಾರ್ಡ್?’ ಎಂಬುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಮಾತು ಬಹುಪಾಲು ಅಲ್ಲಿಂದಲೇ ಶುರುವಾಗುತ್ತದೆ. ಕೈಯಲ್ಲಿ ಧಾರಾಳ ದುಡ್ಡಿದ್ದರೆ ಅದರಿಂದ ನಷ್ಟವೇನಿಲ್ಲ. ಬಜೆಟ್ ಬಿಗಿಯಾಗಿದ್ದರೆ ಮೊದಲು ತಿಳಿಯಬೇಕಾದ ಸಂಗತಿ ಬೇರೆ: ಕ್ಯಾಮೆರಾದಿಂದ ಬರುವ ಫೈಲು ಯಾವ ಬಗೆಯದು?

ಫೋನು, ಮದುವೆ ಚಿತ್ರೀಕರಣದ ಮಿರರ್‌ಲೆಸ್ ಕ್ಯಾಮೆರಾ, ಡ್ರೋನ್ ಎಲ್ಲವೂ ದೃಶ್ಯವನ್ನು ಕುಗ್ಗಿಸಿಯೇ ಕಾರ್ಡಿಗೆ ಇಳಿಸುತ್ತವೆ. ಕುಗ್ಗಿಸುವ ವಿಧಾನ ಹೆಚ್ಚಾಗಿ ಎರಡೇ: 2003ರಲ್ಲಿ ಬಂದ ಎಚ್.264 ಮತ್ತು 2013ರಲ್ಲಿ ಬಂದ ಎಚ್.265. ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲನ್ನು ಪೂರ್ತಿ ಬರೆದು, ಕೆಳಗಿನ ಸಾಲುಗಳಲ್ಲಿ ‘ಮೇಲಿನಂತೆ’ ಎಂದು ಹಾಕಿ ಬದಲಾದ ಅಂಕಿಯನ್ನಷ್ಟೇ ನಮೂದಿಸುವುದುಂಟಲ್ಲ, ಇವುಗಳ ಗುಟ್ಟೂ ಅದೇ. ಅರ್ಧ ಸೆಕೆಂಡಿಗೋ ಒಂದು ಸೆಕೆಂಡಿಗೋ ಒಂದು ಫ್ರೇಮು ಪೂರ್ತಿ ಚಿತ್ರವಾಗಿರುತ್ತದೆ; ನಡುವಿನವು ಹಿಂದುಮುಂದಿನ ಫ್ರೇಮುಗಳಿಗಿಂತ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ. ಸಿನಿಮಾ ನೋಡುವವರು ಸಾಲಾಗಿ ನೋಡುತ್ತ ಹೋಗುವುದರಿಂದ ತೊಂದರೆಯಿಲ್ಲ. ಎಡಿಟ್ ಮಾಡುವವರು ತಾಳಿ ಕಟ್ಟಿದ ಕ್ಷಣ ಹುಡುಕುತ್ತ ಟೈಮ್‌ಲೈನಿನಲ್ಲಿ ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತಾರೆ. ಮೌಸ್ ನಿಂತಲ್ಲೆಲ್ಲ ಕಂಪ್ಯೂಟರು ಹಿಂದಿನ ಪೂರ್ತಿ ಫ್ರೇಮಿಗೆ ಹೋಗಿ, ಅಲ್ಲಿಂದ ಲೆಕ್ಕ ಕೂಡಿಸಿಕೊಂಡು ಬರಬೇಕು. ಪರದೆ ತಡವರಿಸುವುದು ಇಲ್ಲೇ.

ಈ ಕೂಡುವ ಕೆಲಸಕ್ಕೆಂದೇ ಚಿಪ್ಪಿನೊಳಗೆ ಮೀಡಿಯಾ ಎಂಜಿನ್ ಎಂಬ ಪ್ರತ್ಯೇಕ ಭಾಗವಿರುತ್ತದೆ. ಇಂಟೆಲ್ ಇದನ್ನು 2011ರಿಂದ ‘ಕ್ವಿಕ್ ಸಿಂಕ್’ ಹೆಸರಿನಲ್ಲಿ ಪ್ರೊಸೆಸರಿನ ಗ್ರಾಫಿಕ್ಸ್ ಭಾಗದಲ್ಲಿ ಕೊಡುತ್ತ ಬಂದಿದೆ. ಕೋರ್ ಐ5-12400 ಮತ್ತು ಐ5-12400ಎಫ್ ಎರಡರಲ್ಲೂ ಆರು ಕೋರು, ಹನ್ನೆರಡು ಥ್ರೆಡ್ಡು. ಎಫ್ ಅಕ್ಷರವಿರುವುದು ಸಾಮಾನ್ಯವಾಗಿ ತುಸು ಅಗ್ಗ, ಅದರಲ್ಲಿ ಗ್ರಾಫಿಕ್ಸ್ ಭಾಗವಿಲ್ಲ, ಕ್ವಿಕ್ ಸಿಂಕೂ ಇಲ್ಲ. ಗೇಮ್ ಆಡುವವರಿಗೆ ಇದು ಉಳಿತಾಯ. ಎಡಿಟಿಂಗಿಗೆ ಆ ಒಂದಕ್ಷರ ದುಬಾರಿಯಾದೀತು. ಐ5-12500ರಲ್ಲಿ ಇಂಥ ಎಂಜಿನ್ನುಗಳು ಎರಡಿವೆ, 12400ರಲ್ಲಿ ಒಂದೇ. ಎಎಂಡಿಯಲ್ಲೂ ಅಕ್ಷರ ನೋಡಿಯೇ ಕೊಳ್ಳಬೇಕು: ರೈಜನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ.

ಈಚಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ 10 ಬಿಟ್ 4:2:2 ಎಂಬ, ಬಣ್ಣದ ವಿವರವನ್ನು ಹೆಚ್ಚಾಗಿ ಉಳಿಸಿಕೊಳ್ಳುವ ಆಯ್ಕೆಯಿರುತ್ತದೆ. ಎಚ್.265ರಲ್ಲಿ ಹೀಗೆ ಚಿತ್ರಿಸಿದ್ದನ್ನು ಗ್ರಾಫಿಕ್ಸ್ ಭಾಗವಿರುವ ಇಂಟೆಲ್ 12ನೇ ಪೀಳಿಗೆಯ ಐ5 ಸಲೀಸಾಗಿ ಬಿಡಿಸುತ್ತದೆ. ಅದಕ್ಕಿಂತ ಎಷ್ಟೋ ಹೆಚ್ಚು ಬೆಲೆಯ ಎನ್‌ವಿಡಿಯಾ ಆರ್‌ಟಿಎಕ್ಸ್ 30 ಮತ್ತು 40 ಸರಣಿಯ ಕಾರ್ಡುಗಳ ಮೀಡಿಯಾ ಎಂಜಿನ್ನಿಗೆ ಅದು ಬಾರದು. 2025ರ 50 ಸರಣಿಯಲ್ಲಷ್ಟೇ ಆ ಸೌಲಭ್ಯ ಸೇರಿತು. ತಮ್ಮ ಫೈಲು ಯಾವುದೆಂದು ತಿಳಿಯದವರು ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ತೆರೆದರೆ ಎಲ್ಲ ವಿವರವೂ ಸಿಗುತ್ತದೆ. ಅಂಗಡಿಗೆ ಹೋಗುವ ಮುಂಚೆ ಮಾಡಬೇಕಾದ ಎರಡು ನಿಮಿಷದ ಕೆಲಸ ಇದು.

ಗ್ರಾಫಿಕ್ಸ್ ಕಾರ್ಡು ಬೇಡವೆಂದಲ್ಲ. ಬಣ್ಣ ತಿದ್ದುವುದು, ಕತ್ತಲಲ್ಲಿ ತೆಗೆದ ದೃಶ್ಯದ ಕಾಳುಕಾಳು ಹೋಗಲಾಡಿಸುವುದು, ಎಫೆಕ್ಟುಗಳು ಅದರ ಪಾಲಿನವು. ಡಾವಿಂಚಿ ರಿಸಾಲ್ವ್ ಬಳಸುವವರಿಗೆ ಅದು ಬೇಕೇ ಬೇಕು. ಬರೀ ಕತ್ತರಿಸಿ ಜೋಡಿಸಿ ಹಾಡು ಹಾಕುವ ಶಾಟ್‌ಕಟ್ ಬಳಕೆದಾರರು ಸದ್ಯಕ್ಕೆ ಬಿಟ್ಟು, ಮುಂದೆ ಕೊಳ್ಳಬಹುದು. ಕೊಳ್ಳುವಾಗ ಕಾರ್ಡಿನ ಸ್ವಂತ ಮೆಮೊರಿ ನೋಡಬೇಕು. 4ಕೆ ಕೆಲಸಕ್ಕೆ 4 ಜಿಬಿ ಬೇಗ ತುಂಬಿಹೋಗುತ್ತದೆ, 8 ಜಿಬಿ ನೆಮ್ಮದಿ. ಅಗ್ಗದ ಕಾರ್ಡುಗಳಲ್ಲಿ ಒಂದು ಹಳ್ಳವೂ ಇದೆ: ಎಎಂಡಿಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿಗಳಲ್ಲಿ ವಿಡಿಯೊ ಎನ್‌ಕೋಡ್ ಮಾಡುವ ಎಂಜಿನ್ನೇ ಇಲ್ಲ. ಆಟಕ್ಕೆ ಸರಿ, ಎಕ್ಸ್‌ಪೋರ್ಟಿಗೆ ಕೈಕೊಡುತ್ತವೆ.

ರ‍್ಯಾಮ್ 16 ಜಿಬಿಗಿಂತ ಕಡಿಮೆ ಬೇಡ. 4ಕೆ ನಿತ್ಯದ ಕೆಲಸವಾದರೆ 32. ಹದಿನಾರರ ಒಂದೇ ಸ್ಟಿಕ್ಕಿಗಿಂತ ಎಂಟರ ಎರಡು ಹಾಕಿದರೆ ಪ್ರೊಸೆಸರಿಗೆ ಎರಡು ದಾರಿ ಒಟ್ಟಿಗೆ ತೆರೆಯುತ್ತವೆ, ಒಳಗಿನ ಗ್ರಾಫಿಕ್ಸಿಗೂ ಬಲ ಬರುತ್ತದೆ. ಆದರೆ ಅಗ್ಗದ ಎಚ್610 ಮದರ್‌ಬೋರ್ಡುಗಳಲ್ಲಿ ರ‍್ಯಾಮಿಗೆ ಇರುವುದು ಎರಡೇ ಸ್ಲಾಟು, ಅವೆರಡೂ ಅಲ್ಲಿಗೆ ತುಂಬಿದವು. ಮುಂದೆ ಹೆಚ್ಚಿಸುವ ಯೋಚನೆಯಿದ್ದರೆ ನಾಲ್ಕು ಸ್ಲಾಟಿನ ಬಿ660 ಅಥವಾ ಬಿ760 ಬೋರ್ಡು ವಾಸಿ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆ ಮೇಲೆದ್ದಿದ್ದರಿಂದ ಹಳೆಯ ಕೊಟೇಶನ್ ನಂಬಿ ಬಜೆಟ್ ಹಾಕುವಂತಿಲ್ಲ.

ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಚಿತ್ರಿಸಿದ 4ಕೆ ವಿಡಿಯೊ ಗಂಟೆಗೆ 45 ಜಿಬಿ ನುಂಗುತ್ತದೆ. ಎರಡು ಕ್ಯಾಮೆರಾ, ತಲಾ ಆರು ಗಂಟೆ ಎಂದರೆ ಒಂದು ಮದುವೆಗೆ 540 ಜಿಬಿ. ಅಷ್ಟನ್ನೂ ಎಸ್‌ಎಸ್‌ಡಿಯಲ್ಲಿ ಇಡುವ ಹಟ ಬೇಕಿಲ್ಲ. 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ವಿಂಡೋಸ್, ತಂತ್ರಾಂಶ, ಕ್ಯಾಶ್ ಇರಲಿ. ಮುಗಿದ ಮದುವೆಗಳು ಹಾರ್ಡ್‌ಡಿಸ್ಕಿಗೆ ಹೋಗಲಿ. ಒಂದೇ ಫೈಲನ್ನು ಸಾಲಾಗಿ ಓದಲು ಹಾರ್ಡ್‌ಡಿಸ್ಕಿನ ವೇಗ ಧಾರಾಳ. ಎರಡು ಮೂರು ಕ್ಯಾಮೆರಾದ ದೃಶ್ಯ ಒಟ್ಟಿಗೆ ಓಡಿಸಿದಾಗ ಅದರ ಮುಳ್ಳು ಅಲ್ಲಿಂದಿಲ್ಲಿಗೆ ಹಾರಾಡಿ ಸೋಲುತ್ತದೆ.

ಮೂಲ ಫೈಲು ಎಷ್ಟೇ ಭಾರವಿದ್ದರೂ ಪ್ರಾಕ್ಸಿ ಎಂಬ ಉಪಾಯವಿದೆ. ತಂತ್ರಾಂಶವೇ ಪ್ರತಿ ದೃಶ್ಯದ ಹಗುರ ನಕಲು ಮಾಡಿಕೊಡುತ್ತದೆ. ಎಡಿಟಿಂಗ್ ನಡೆಯುವುದು ನಕಲಿನ ಮೇಲೆ, ಎಕ್ಸ್‌ಪೋರ್ಟ್ ಆಗುವುದು ಮೂಲದಿಂದ. ರಾತ್ರಿ ನಕಲು ತಯಾರಿಗೆ ಹಚ್ಚಿ ಮಲಗಿದರೆ ಬೆಳಿಗ್ಗೆ ಸಾಧಾರಣ ಕಂಪ್ಯೂಟರಿನಲ್ಲೂ ಟೈಮ್‌ಲೈನು ಸರಾಗವಾಗಿ ಓಡುತ್ತದೆ. ಸಾವಿರಾರು ರೂಪಾಯಿ ಉಳಿಸುವ ಈ ಉಪಾಯವನ್ನು ಕೀಳಾಗಿ ಕಾಣುವವರೇ ಹೆಚ್ಚು.

ಉಳಿತಾಯಕ್ಕೆ ಬಣ್ಣದ ದೀಪದ ಕ್ಯಾಬಿನೆಟ್ಟು, ದೀಪದ ರ‍್ಯಾಮು ಒಳ್ಳೆಯ ಜಾಗಗಳು. ಕ್ಯಾಬಿನೆಟ್ಟಿನ ಜೊತೆಗೇ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಮಾತ್ರ ಉಳಿತಾಯದ ಜಾಗವಲ್ಲ. ಅದು ಸುಟ್ಟರೆ ಒಂದೇ ಸುಡುವುದಿಲ್ಲ. ಮಧ್ಯಮ ಕಾರ್ಡಿನ ಜೊತೆಗೆ 80 ಪ್ಲಸ್ ಬ್ರಾನ್ಜ್ ಗುರುತಿನ 550 ವಾಟಿನದು ಸಾಕು. ಕರೆಂಟು ಹೇಳದೆ ಹೋಗುವ ಊರಾದರೆ ಯುಪಿಎಸ್ ಕೂಡ ಪಟ್ಟಿಯಲ್ಲಿರಬೇಕು. ಮಾನಿಟರು ಐಪಿಎಸ್ ಆಗಿದ್ದು ಎಸ್‌ಆರ್‌ಜಿಬಿ ಬಣ್ಣಗಳನ್ನು ಬಹುಪಾಲು ತೋರಿಸಿದರೆ 24 ಇಂಚಿನ ಫುಲ್ ಎಚ್‌ಡಿಯೇ ಸಾಲುತ್ತದೆ.

ಜೋಡಣೆ ಮುಗಿದ ದಿನ ಅಂಗಡಿಯಲ್ಲೇ ಬಯೋಸ್ ತೆರೆಸಿ ಎರಡು ಸಂಗತಿ ನೋಡಬೇಕು. ಗ್ರಾಫಿಕ್ಸ್ ಕಾರ್ಡು ಕೂರಿಸಿದೊಡನೆ ಹಲವು ಬೋರ್ಡುಗಳು ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನು ತಾವಾಗಿ ಆಫ್ ಮಾಡಿಬಿಡುತ್ತವೆ. ಅದನ್ನು ಮತ್ತೆ ಆನ್ ಮಾಡದಿದ್ದರೆ ಕ್ವಿಕ್ ಸಿಂಕಿಗೆ ಕೊಟ್ಟ ದುಡ್ಡು ಪೆಟ್ಟಿಗೆಯೊಳಗೇ ಮಲಗಿರುತ್ತದೆ. ಎರಡನೆಯದು ಎಕ್ಸ್‌ಎಂಪಿ ಎಂಬ ಆಯ್ಕೆ; ಅದನ್ನು ಹಾಕದಿದ್ದರೆ ರ‍್ಯಾಮು ಲೇಬಲ್ಲಿನಲ್ಲಿ ಬರೆದ ವೇಗಕ್ಕಿಂತ ನಿಧಾನವಾಗಿ ಓಡುವುದುಂಟು. ಪ್ರತಿ ಭಾಗದ ಸೀರಿಯಲ್ ನಂಬರು ಬಿಲ್ಲಿನಲ್ಲಿ ಬಂದಿದೆಯೇ ಎಂದು ನೋಡುವುದೂ ಆಗಲೇ ಆಗಬೇಕು; ವಾರಂಟಿಗೆ ಅಂಗಡಿಯವರು ಮೊದಲು ಕೇಳುವುದು ಅದನ್ನೇ.